ವಿಯೆನ್ನಾ ಮತ್ತು ಹ್ಯಾಬ್ಸ್‌ಬರ್ಗ್ ಮನೆತನ: ಪದೇ ಪದೇ ಕೇಳುವ ಪ್ರಶ್ನೆಗಳು

ಬೇಸಿಗೆ ಬಂತೆಂದರೆ ವಿಯೆನ್ನಾದ ನಮ್ಮ ಮನೆಗೆ ಊರಿನಿಂದ ನೆಂಟರು ಬರುತ್ತಾರೆ. ಅವರಿಗೆ ಹಿಂದೆ ಆಸ್ಟ್ರಿಯಾ ಆಳಿದ ಹ್ಯಾಬ್ಸ್‌ಬರ್ಗ್ ಮನೆತನದ ಅರಮನೆ ಸುತ್ತಿಸಿ ಸುತ್ತಿಸಿ ನನಗೆ ದಾರಿಯಷ್ಟೇ ಅಲ್ಲ, ಅವರ ಪ್ರಶ್ನೆಗಳೂ ಬಾಯಿಪಾಠವಾಗಿವೆ. ಬರುವ ಮೊದಲು ಪತ್ರದಲ್ಲಿ ಕೇಳಿದ್ದು, ಟ್ರಾಮ್‌ನಲ್ಲಿ ಕೂತು ಕೇಳಿದ್ದು, ವಾಪಸ್ ಹೋದ ಮೇಲೆ ವಾಟ್ಸಾಪ್‌ನಲ್ಲಿ ಕೇಳಿದ್ದು, ಎಲ್ಲವನ್ನೂ ಇಲ್ಲಿ ಸೇರಿಸಿದ್ದೇನೆ. ಸುಲಭದ್ದು ಮೊದಲು, ತಲೆಕೆರೆಯುವಂಥದ್ದು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆ ಮಾತ್ರ ಓದಿದರೂ ನಡೆಯುತ್ತದೆ.

## ಮೊದಲ ದಿನದ ಪ್ರಶ್ನೆಗಳು

ಆಸ್ಟ್ರಿಯಾದಲ್ಲಿ ಈಗಲೂ ರಾಜ ಇದ್ದಾನಾ? ಅರಮನೆಯಲ್ಲಿ ಯಾರಾದ್ರೂ ವಾಸ ಇದ್ದಾರಾ?

ರಾಜ ಇಲ್ಲ. 1918ರ ನವೆಂಬರ್ 12ರಂದು ಆಸ್ಟ್ರಿಯಾ ಗಣರಾಜ್ಯವಾಯಿತು. ಈಗಿರುವುದು ಜನ ಆರಿಸಿದ ಅಧ್ಯಕ್ಷರು. ಆದರೆ ಅವರ ಕಚೇರಿ ಇರುವುದು ಮಾತ್ರ ಹಳೆ ಅರಮನೆ ಹಾಫ್‌ಬುರ್ಗ್‌ನಲ್ಲೇ. ಅದೂ ಒಂದು ಕಾಲಕ್ಕೆ ರಾಣಿ ಮರಿಯಾ ತೆರೇಸಾ ಮತ್ತು ಅವಳ ಮಗ ಇದ್ದ ಕೋಣೆಗಳಲ್ಲಿ. ಹೊಸ ಸರ್ಕಾರ ಪ್ರಮಾಣವಚನ ತೆಗೆದುಕೊಳ್ಳುವ ದಿನ ಟಿವಿ ಕ್ಯಾಮೆರಾಗಳೆಲ್ಲ ಕೆಂಪು ಗೋಡೆಯ ಒಂದು ಬಾಗಿಲಿನ ಕಡೆ ತಿರುಗಿರುತ್ತವೆ. ಗೋಡೆಯ ಬಟ್ಟೆಯನ್ನೇ ಬಾಗಿಲಿಗೂ ಹೊದಿಸಿರುವುದರಿಂದ ಮುಚ್ಚಿದರೆ ಅಲ್ಲೊಂದು ಬಾಗಿಲಿದೆ ಅಂತಲೇ ಗೊತ್ತಾಗುವುದಿಲ್ಲ. ಮಂತ್ರಿಗಳು ಅದರೊಳಗಿಂದ ಬರುತ್ತಾರೆ.

ವಾಸದ ಮಾತಿಗೆ ಬಂದರೆ, ಹಳೆ ಊರಿನಾಚೆಯ ಶೋನ್‌ಬ್ರುನ್ ಅರಮನೆಯಲ್ಲಿ ಬಾಡಿಗೆದಾರರಿದ್ದಾರೆ! 1,441 ಕೋಣೆಗಳಲ್ಲಿ ಪ್ರವಾಸಿಗರಿಗೆ ತೋರಿಸುವುದು 40 ಮಾತ್ರ. ಉಳಿದ ಭಾಗದಲ್ಲಿ ಸಾಮಾನ್ಯ ಜನ ಬಾಡಿಗೆ ಕೊಟ್ಟು ಸಂಸಾರ ನಡೆಸುತ್ತಾರೆ.

ಹ್ಯಾಬ್ಸ್‌ಬರ್ಗ್ ಅಂದ್ರೆ ಊರ ಹೆಸರಾ, ಮನೆ ಹೆಸರಾ?

ಒಂದು ಕೋಟೆಯ ಹೆಸರು. ತಮಾಷೆ ಅಂದರೆ ಅದು ಆಸ್ಟ್ರಿಯಾದಲ್ಲಿಲ್ಲ, ಸ್ವಿಟ್ಜರ್‌ಲೆಂಡಿನ ಆರ್ಗೌ ಪ್ರಾಂತ್ಯದಲ್ಲಿದೆ. ಹನ್ನೊಂದನೇ ಶತಮಾನದ ಮೊದಲ ಭಾಗದಲ್ಲಿ ಕಟ್ಟಿದ್ದು. ಗಿಡುಗನ ಕೋಟೆ ಎಂಬ ಅರ್ಥದ ಹಳೆಯ ಜರ್ಮನ್ ಹೆಸರೇ ಸವೆದು ಹೀಗಾಯಿತು ಅನ್ನುತ್ತಾರೆ. ಅಷ್ಟು ದೊಡ್ಡ ಸಾಮ್ರಾಜ್ಯಕ್ಕೆ ಹೆಸರು ಕೊಟ್ಟ ಕೋಟೆ ಅಂದುಕೊಂಡು ಹೋದರೆ ನಿರಾಸೆಯಾದೀತು. ಒಂದು ಗುಡ್ಡ, ಅದರ ಮೇಲೊಂದು ಕಲ್ಲಿನ ಕಟ್ಟಡ, ಅಷ್ಟೇ.

ಆಸ್ಟ್ರಿಯಾದ ಮೊದಲ ರಾಜಮನೆತನ ಇವರೇ ಅಲ್ವಾ?

ಅಲ್ಲ. ಇವರು ಹೊರಗಿನಿಂದ ಬಂದವರು. 976ರಿಂದ 1246ರವರೆಗೆ ಆಸ್ಟ್ರಿಯಾ ಆಳಿದ್ದು ಬಾಬೆನ್‌ಬರ್ಗ್ ಮನೆತನ. ವಿಯೆನ್ನಾವನ್ನು ರಾಜಧಾನಿ ಮಾಡಿದ್ದೂ ಅವರೇ. ಅವರಲ್ಲಿ ಐದನೇ ಲಿಯೋಪೋಲ್ಡ್ ಅಂತ ಒಬ್ಬ ಡ್ಯೂಕ್ ಇದ್ದ. ಕ್ರೈಸ್ತರ ಧರ್ಮಯುದ್ಧದಲ್ಲಿ (ಕ್ರುಸೇಡ್) ತನ್ನ ಬಾವುಟಕ್ಕೆ ಅವಮಾನ ಮಾಡಿದ ಅಂತ ಇಂಗ್ಲೆಂಡಿನ ರಾಜ ರಿಚರ್ಡ್ ಮೇಲೆ ಅವನಿಗೆ ಸಿಟ್ಟು. 1192ರಲ್ಲಿ ರಿಚರ್ಡ್ ವೇಷ ಮರೆಸಿಕೊಂಡು ವಿಯೆನ್ನಾ ಹತ್ತಿರ ಹಾದುಹೋಗುವಾಗ ಸಿಕ್ಕಿಬಿದ್ದ. ಅವನನ್ನು ಬಿಡಿಸಿಕೊಳ್ಳಲು ಇಂಗ್ಲೆಂಡ್ ಕೊಟ್ಟ ಬೆಳ್ಳಿಯಲ್ಲಿ ವಿಯೆನ್ನಾದ ಕೋಟೆಗೋಡೆ ಎದ್ದಿತು.

ಕೊನೆಯ ಬಾಬೆನ್‌ಬರ್ಗ್ ಗಂಡುಮಕ್ಕಳಿಲ್ಲದೆ ಸತ್ತ. ಬೊಹೀಮಿಯಾದ (ಇಂದಿನ ಚೆಕ್ ನಾಡು) ರಾಜ ಒಟ್ಟೊಕಾರ್ ಆಸ್ಟ್ರಿಯಾಕ್ಕೆ ಕೈಹಾಕಿದ. ಇತ್ತ ಜರ್ಮನ್ ದೊರೆಗಳು 1273ರಲ್ಲಿ ಹ್ಯಾಬ್ಸ್‌ಬರ್ಗ್‌ನ ರುಡಾಲ್ಫ್‌ನನ್ನು ರಾಜನನ್ನಾಗಿ ಆರಿಸಿದರು. ಚಿಕ್ಕ ಮನೆತನದವನು, ಹೇಳಿದಂತೆ ಕೇಳುತ್ತಾನೆ ಅನ್ನೋದು ಅವರ ಲೆಕ್ಕ. ಆ ಲೆಕ್ಕ ತಪ್ಪಾಯಿತು. 1278ರಲ್ಲಿ ಅವನು ಒಟ್ಟೊಕಾರ್‌ನನ್ನು ಸೋಲಿಸಿದ. 1282ರಲ್ಲಿ ಆಸ್ಟ್ರಿಯಾವನ್ನು ತನ್ನ ಮಕ್ಕಳಿಗೇ ಬರೆದುಕೊಟ್ಟ. ಅಲ್ಲಿಂದ 1918ರವರೆಗೆ, ಅಂದರೆ 636 ವರ್ಷ, ಈ ಮನೆತನದವರು ಅಲ್ಲಾಡಲಿಲ್ಲ.

ಡ್ಯೂಕ್, ಆರ್ಚ್‌ಡ್ಯೂಕ್, ಚಕ್ರವರ್ತಿ... ತಲೆ ಗಿರ್ರ್ ಅನ್ನತ್ತೆ. ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಲ್ಲಿ ಆಗಲ್ಲ, ಎರಡು ಮಾತಲ್ಲಿ ಹೇಳುತ್ತೇನೆ. ಆಸ್ಟ್ರಿಯಾ ಎಂಬುದು ಅವರ ಸ್ವಂತ ಆಸ್ತಿ. ಅಲ್ಲಿ ಅವರು ಮೊದಲು ಡ್ಯೂಕ್, ಆಮೇಲೆ ಆರ್ಚ್‌ಡ್ಯೂಕ್, ಅಂದರೆ ಡ್ಯೂಕ್‌ಗಿಂತ ಮೇಲಿನ ಪದವಿ. ಪವಿತ್ರ ರೋಮನ್ ಚಕ್ರವರ್ತಿ ಎಂಬುದು ಬೇರೆ ಹುದ್ದೆ, ಜರ್ಮನ್ ನಾಡುಗಳಿಗೆಲ್ಲ ಮೇಲಿನ ದೊರೆ. ಅದಕ್ಕೆ ಜರ್ಮನ್ ದೊರೆಗಳು ಸೇರಿ ಓಟು ಹಾಕಿ ಆರಿಸಬೇಕಿತ್ತು. ಹದಿನೈದನೇ ಶತಮಾನದಿಂದ ಹೆಚ್ಚುಕಡಿಮೆ ಇವರನ್ನೇ ಆರಿಸುತ್ತಾ ಬಂದರು.

'ಆಸ್ಟ್ರಿಯಾದ ಚಕ್ರವರ್ತಿ' ಅನ್ನುವ ಪದವಿ ಹುಟ್ಟಿದ್ದು 1804ರಲ್ಲಿ. ನೆಪೋಲಿಯನ್ ತಾನೇ ಚಕ್ರವರ್ತಿ ಅಂದುಕೊಂಡ ವರ್ಷ ಅದು. ಹಳೆ ಪದವಿ ಯಾವಾಗ ಕೈಬಿಡುತ್ತದೋ ಅಂತ ಆಗಿನ ಚಕ್ರವರ್ತಿ ಫ್ರಾನ್ಸಿಸ್ ಹೊಸದೊಂದನ್ನು ಮಾಡಿಟ್ಟುಕೊಂಡ. ಎರಡೇ ವರ್ಷಕ್ಕೆ, 1806ರಲ್ಲಿ, ಹಳೆಯದನ್ನು ಬಿಡಲೇಬೇಕಾಯಿತು. ಹಾಗಾಗಿ ಆಸ್ಟ್ರಿಯಾದ ಚಕ್ರವರ್ತಿಗಳು ಇದ್ದದ್ದು ಬರೀ ನಾಲ್ಕು ಜನ: ಫ್ರಾನ್ಸಿಸ್, ಫರ್ಡಿನಾಂಡ್, ಫ್ರಾಂಜ್ ಜೋಸೆಫ್, ಕಾರ್ಲ್. ಗೈಡುಗಳು ಹನ್ನೆರಡು, ಹದಿನೈದು ಅಂತ ಹೇಳುವಾಗ ಎರಡೂ ಪದವಿಗಳನ್ನು ಕಲಸಿ ಹೇಳುತ್ತಾರೆ.

## ಮನೆತನ ಬೆಳೆದದ್ದು ಹೇಗೆ

ಯುದ್ಧ ಮಾಡದೆ ಮದುವೆಯಿಂದಲೇ ಸಾಮ್ರಾಜ್ಯ ಕಟ್ಟಿದ್ರಂತೆ, ಹೌದಾ?

ಯುದ್ಧ ಮಾಡಲಿಲ್ಲ ಅನ್ನೋದು ಸುಳ್ಳು. ಬೇಕಾದಷ್ಟು ಮಾಡಿದರು, ಬೇಕಾದಷ್ಟು ಸೋತರು. ಆದರೆ ದೊಡ್ಡ ದೊಡ್ಡ ಆಸ್ತಿ ಬಂದದ್ದು ಬೀಗತನದಿಂದ ಅನ್ನೋದು ನಿಜ. ಈ ಮನೆತನದ ಮ್ಯಾಕ್ಸಿಮಿಲಿಯನ್ 1477ರಲ್ಲಿ ಬರ್ಗಂಡಿಯ ಮೇರಿಯನ್ನು ಮದುವೆಯಾದ. ಅವಳ ಜೊತೆ ಇಂದಿನ ಬೆಲ್ಜಿಯಂ, ನೆದರ್‌ಲೆಂಡ್ಸ್ ಕಡೆಯ ಶ್ರೀಮಂತ ಊರುಗಳು ಬಂದವು. ಅವರ ಮಗ ಸ್ಪೇನಿನ ರಾಜಕುಮಾರಿಯನ್ನು ಮದುವೆಯಾದ. ಮೊಮ್ಮಗ ಐದನೇ ಚಾರ್ಲ್ಸ್ ಕೈಗೆ ಸ್ಪೇನ್ ಬಂತು, ಅದರ ಬೆನ್ನಿಗೆ ಅಮೆರಿಕದ ನಾಡುಗಳೂ ಬಂದವು.

ವಿಯೆನ್ನಾದ ಲೆಕ್ಕದಲ್ಲಿ ಮುಖ್ಯವಾದದ್ದು 1515ರ ಜುಲೈ 22ರ ಮದುವೆ. ಸೇಂಟ್ ಸ್ಟೀಫನ್ ಚರ್ಚಿನ ಒಳಗೆ ನಿಂತಾಗೆಲ್ಲ ನನಗೆ ಆ ದೃಶ್ಯವೇ ಕಣ್ಣಮುಂದೆ ಬರುತ್ತದೆ. ಹಂಗೇರಿಯ ರಾಜಕುಮಾರ ಲುಡ್ವಿಕ್‌ಗೆ ಇನ್ನೂ 9 ತುಂಬಿತ್ತಷ್ಟೆ. ಹುಡುಗಿ ಮ್ಯಾಕ್ಸಿಮಿಲಿಯನ್‌ನ ಮೊಮ್ಮಗಳು ಮೇರಿ, ಅವಳಿಗೂ 9. ಪಕ್ಕದಲ್ಲೇ ಎರಡನೇ ಜೋಡಿ. ಲುಡ್ವಿಕ್‌ನ ಅಕ್ಕ ಆನಾ, ವಯಸ್ಸು 12ರ ಹತ್ತಿರ. ಅವಳ ಪಕ್ಕ ಮದುಮಗನ ಜಾಗದಲ್ಲಿ ನಿಂತವನು 56 ವರ್ಷದ ಮ್ಯಾಕ್ಸಿಮಿಲಿಯನ್ ತಾನೇ! ಮೊಮ್ಮಗಂದಿರು ಇಬ್ಬರಿದ್ದರು, ಚಾರ್ಲ್ಸ್ ಮತ್ತು ಫರ್ಡಿನಾಂಡ್. ಇವಳನ್ನು ಯಾರಿಗೆ ಕೊಡುವುದು ಅಂತ ಆಮೇಲೆ ನೋಡೋಣ, ಸದ್ಯಕ್ಕೆ ಅವರ ಪರವಾಗಿ ನಾನು ನಿಲ್ಲುತ್ತೇನೆ ಅಂದ. ಕೊನೆಗೆ ಫರ್ಡಿನಾಂಡ್‌ಗೆ ಕೊಟ್ಟರು. 1526ರಲ್ಲಿ 20 ವರ್ಷದ ಲುಡ್ವಿಕ್ ತುರ್ಕರ ಎದುರು ಮೊಹಾಚ್ ಕದನದಲ್ಲಿ ಸೋತು, ಓಡುವಾಗ ನೀರಿನಲ್ಲಿ ಮುಳುಗಿ ಸತ್ತ. ಮಕ್ಕಳಿರಲಿಲ್ಲ. ಹಂಗೇರಿ, ಬೊಹೀಮಿಯಾ ಎರಡೂ ಕಿರೀಟ ಭಾವ ಫರ್ಡಿನಾಂಡ್‌ನ ಪಾಲಿಗೆ ಬಂದವು. ಹನ್ನೊಂದು ವರ್ಷದ ಹಿಂದೆ ಅಜ್ಜ ಹೂಡಿದ ಬಂಡವಾಳಕ್ಕೆ ಸಿಕ್ಕ ಬಡ್ಡಿ ಅದು.

ಅವರ ಕಾಗದಪತ್ರವೇ ಖೊಟ್ಟಿ ಅಂತ ಎಲ್ಲೋ ಓದಿದೆ. ಸುಮ್ನೆ ಗಾಸಿಪ್ಪಾ?

ಗಾಸಿಪ್ ಅಲ್ಲ, ಇತಿಹಾಸಕಾರರೆಲ್ಲ ಒಪ್ಪಿದ ಸಂಗತಿ. 1356ರಲ್ಲಿ ಚಕ್ರವರ್ತಿಯನ್ನು ಆರಿಸುವ ಹಕ್ಕು ಏಳು ಜನರಿಗೆ ಅಂತ ತೀರ್ಮಾನವಾಯಿತು. ಪಟ್ಟಿಯಲ್ಲಿ ಆಸ್ಟ್ರಿಯಾ ಇರಲಿಲ್ಲ. ನಾಲ್ಕನೇ ರುಡಾಲ್ಫ್‌ಗೆ ಆಗ ಇನ್ನೂ ಇಪ್ಪತ್ತು ದಾಟಿರಲಿಲ್ಲ, ಬಿಸಿರಕ್ತ. ಎರಡು ಮೂರು ವರ್ಷದಲ್ಲಿ ಅವನ ಕಚೇರಿಯಿಂದ ಐದು 'ಪುರಾತನ' ಪತ್ರಗಳು ಹೊರಬಂದವು. ನಮ್ಮ ಮನೆತನಕ್ಕೆ ಇಂಥಿಂಥ ಹಕ್ಕುಗಳಿವೆ, ನಾವು ಬರೀ ಡ್ಯೂಕ್ ಅಲ್ಲ, ಆರ್ಚ್‌ಡ್ಯೂಕ್ ಅಂತ. ಅದಕ್ಕೆ ಪುರಾವೆಯಾಗಿ ಜೂಲಿಯಸ್ ಸೀಸರ್ ಮತ್ತು ನೀರೋ ಬರೆದ ಕಾಗದವನ್ನೂ ಸೇರಿಸಿದ್ದರು!

ಚಕ್ರವರ್ತಿಗೆ ಅನುಮಾನ ಬಂದು ಪತ್ರಗಳನ್ನು ಇಟಲಿಯ ಕವಿ, ವಿದ್ವಾಂಸ ಪೆಟ್ರಾರ್ಕ್‌ಗೆ ತೋರಿಸಿದ. ಶುದ್ಧ ಸುಳ್ಳು ಎಂದು ಉತ್ತರ ಬಂತು. ಆದರೂ ಆರ್ಚ್‌ಡ್ಯೂಕ್ ಎಂಬ ಹೆಸರು ಉಳಿದುಕೊಂಡಿತು. ನೂರು ವರ್ಷ ಕಳೆಯುವ ಹೊತ್ತಿಗೆ ಅದೇ ಮನೆತನದ ಮೂರನೇ ಫ್ರೆಡ್ರಿಕ್ ಚಕ್ರವರ್ತಿಯಾದ. 1453ರಲ್ಲಿ ತನ್ನ ಮನೆಯ ಖೊಟ್ಟಿ ಪತ್ರಕ್ಕೆ ತಾನೇ ಮೊಹರು ಒತ್ತಿ ಅಧಿಕೃತ ಮಾಡಿದ. ರುಡಾಲ್ಫ್‌ನನ್ನು ಬರೀ ಕಳ್ಳ ಅನ್ನಲೂ ಆಗುವುದಿಲ್ಲ. 1365ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯ ಶುರು ಮಾಡಿದವನೂ ಅವನೇ. 25 ವರ್ಷಕ್ಕೆ ತೀರಿಕೊಂಡ.

'ಹ್ಯಾಬ್ಸ್‌ಬರ್ಗ್ ದವಡೆ' ಅಂತಾರಲ್ಲ, ನಮ್ಮಲ್ಲೂ ಸೋದರಮಾವನ್ನ ಮದುವೆ ಆಗ್ತಾರೆ. ಅದೇ ತರಹಾನಾ?

ಕನ್ನಡದವರು ಮಾತ್ರ ಇಷ್ಟು ನೇರವಾಗಿ ಕೇಳುವ ಪ್ರಶ್ನೆ ಇದು. ಹೌದು, ಅದೇ ತರಹ, ಆದರೆ ತಲೆಮಾರಿನ ಮೇಲೆ ತಲೆಮಾರು. ಸ್ಪೇನಿನ ಹ್ಯಾಬ್ಸ್‌ಬರ್ಗರು ಮತ್ತು ವಿಯೆನ್ನಾದ ಹ್ಯಾಬ್ಸ್‌ಬರ್ಗರು ಆಸ್ತಿ ಹೊರಗೆ ಹೋಗಬಾರದು ಅಂತ ತಮ್ಮತಮ್ಮಲ್ಲೇ ಹೆಣ್ಣು ಕೊಟ್ಟು ತಂದರು.

ವಿಯೆನ್ನಾದ ಕಲಾ ವಸ್ತುಸಂಗ್ರಹಾಲಯಕ್ಕೆ ಹೋದರೆ ಸ್ಪೇನಿನ ಚಿತ್ರಕಾರ ವೆಲಾಸ್ಕೆಸ್ ಬರೆದ ಪುಟ್ಟ ಹುಡುಗಿಯ ಚಿತ್ರಗಳಿವೆ. ಒಂದರಲ್ಲಿ ಗುಲಾಬಿ ಲಂಗ, ಒಂದರಲ್ಲಿ ಬಿಳಿ, ಒಂದರಲ್ಲಿ ನೀಲಿ. ಮೂರರಲ್ಲೂ ಅವಳೇ, ಮಾರ್ಗರಿಟಾ. ಹುಡುಗಿ ಹೇಗೆ ಬೆಳೆಯುತ್ತಿದ್ದಾಳೆ ಅಂತ ವಿಯೆನ್ನಾದ ವರನ ಕಡೆಯವರಿಗೆ ತೋರಿಸಲು ಕಳಿಸಿದ ಚಿತ್ರಗಳು. ನಮ್ಮಲ್ಲಿ ಫೋಟೋ ಕಳಿಸುವುದಿಲ್ಲವೇ, ಹಾಗೆ. ವರ ಚಕ್ರವರ್ತಿ ಲಿಯೋಪೋಲ್ಡ್, ಅವಳ ತಾಯಿಯ ಸ್ವಂತ ತಮ್ಮ. 1666ರಲ್ಲಿ ಮದುವೆಯಾಯಿತು. ಮದುವೆಯಾದ ಮೇಲೂ ಅವಳು ಗಂಡನನ್ನು 'ಮಾವ' ಎಂದೇ ಕರೆಯುತ್ತಿದ್ದಳು. 21 ವರ್ಷಕ್ಕೇ ತೀರಿಕೊಂಡಳು. ಅವಳ ತಮ್ಮ ಸ್ಪೇನಿನ ಎರಡನೇ ಚಾರ್ಲ್ಸ್ ಹುಟ್ಟಿನಿಂದಲೇ ರೋಗಿಷ್ಠ. ದವಡೆ ಮುಂದೆ ಬಂದು ಊಟ ಅಗಿಯುವುದೂ ಕಷ್ಟ. 1700ರಲ್ಲಿ ಅವನು ಮಕ್ಕಳಿಲ್ಲದೆ ಸತ್ತಾಗ ಸ್ಪೇನಿನ ಶಾಖೆ ಮುಗಿಯಿತು. ಬೀಗತನದಿಂದ ಬಂದ ಸ್ಪೇನ್ ಬೀಗತನದಿಂದಲೇ ಹೋಯಿತು.

ಮರಿಯಾ ತೆರೇಸಾ ಚಕ್ರವರ್ತಿನಿ ಆಗಿದ್ಳಾ ಇಲ್ವಾ? ಎಲ್ಲಿ ನೋಡಿದ್ರೂ ಅವಳದೇ ಪ್ರತಿಮೆ.

ಪದವಿಯ ಲೆಕ್ಕದಲ್ಲಿ ಅವಳು ಚಕ್ರವರ್ತಿಯ ಹೆಂಡತಿ. ಕೆಲಸದ ಲೆಕ್ಕದಲ್ಲಿ ಯಜಮಾನಿ. ಅವಳ ಅಪ್ಪ ಆರನೇ ಚಾರ್ಲ್ಸ್‌ಗೆ ಗಂಡುಮಕ್ಕಳು ಉಳಿಯಲಿಲ್ಲ. ಮಗಳೂ ಆಸ್ತಿಗೆ ಹಕ್ಕುದಾರಳು ಎಂದು 1713ರಲ್ಲೇ ಒಂದು ಶಾಸನ ಬರೆಸಿ, ಯುರೋಪಿನ ರಾಜರ ಹತ್ತಿರವೆಲ್ಲ ಸಹಿ ಹಾಕಿಸಿಕೊಂಡಿದ್ದ. 1740ರ ಅಕ್ಟೋಬರ್‌ನಲ್ಲಿ ಅವನು ಸತ್ತ. ಡಿಸೆಂಬರ್‌ಗೆಲ್ಲ ಪ್ರಶ್ಯದ ರಾಜ ಫ್ರೆಡ್ರಿಕ್ ಅವಳ ಸೈಲೀಷಿಯಾ ಪ್ರಾಂತ್ಯಕ್ಕೆ ಸೈನ್ಯ ನುಗ್ಗಿಸಿದ. ಸಹಿಗಳೆಲ್ಲ ನೀರಲ್ಲಿ ಹೋಮ. ಅವಳಿಗೆ ಆಗ 23.

1741ರಲ್ಲಿ ಹಂಗೇರಿಯವರು ಇಂದಿನ ಬ್ರಾಟಿಸ್ಲಾವಾದಲ್ಲಿ ಅವಳಿಗೆ ಪಟ್ಟ ಕಟ್ಟಿದರು. ಪಟ್ಟ ರಾಣಿಯದ್ದಲ್ಲ, ರಾಜನದ್ದು! ಚಕ್ರವರ್ತಿ ಹುದ್ದೆಗೆ ಹೆಂಗಸನ್ನು ಆರಿಸುವ ಹಾಗಿರಲಿಲ್ಲ. 1745ರಲ್ಲಿ ಗಂಡ ಲೊರೇನ್‌ನ ಫ್ರಾನ್ಸಿಸ್‌ನನ್ನು ಆರಿಸಿದರು. ಸೈಲೀಷಿಯಾ ಮಾತ್ರ ವಾಪಸ್ ಸಿಗಲಿಲ್ಲ. ನಲವತ್ತು ವರ್ಷ ಆಳಿದಳು, ಹದಿನಾರು ಮಕ್ಕಳನ್ನು ಹೆತ್ತಳು. ಫ್ರಾನ್ಸಿನಲ್ಲಿ ಗಿಲೊಟಿನ್‌ಗೆ ತಲೆಕೊಟ್ಟ ಮರೀ ಆಂಟ್ವನೆಟ್ ಅವಳ ಕೊನೆಯ ಮಗಳು. 1774ರಲ್ಲಿ ಮಕ್ಕಳೆಲ್ಲ ಶಾಲೆಗೆ ಹೋಗಲೇಬೇಕು ಎಂದು ಕಾನೂನು ತಂದಳು. 1776ರಲ್ಲಿ ವಿಚಾರಣೆಯ ಚಿತ್ರಹಿಂಸೆ ನಿಲ್ಲಿಸಿದಳು. ಒಳ್ಳೆಯವಳು ಅಂತ ಪೂರ್ತಿ ಹೊಗಳಲಾರೆ. ಯಹೂದಿಗಳನ್ನು ಪ್ರಾಗ್‌ನಿಂದ ಓಡಿಸಲು ಹೊರಟವಳೂ ಅವಳೇ.

ಅವಳಿಂದ ಮುಂದೆ ಮನೆತನದ ಹೆಸರು ಹ್ಯಾಬ್ಸ್‌ಬರ್ಗ್-ಲೊರೇನ್. ನಮ್ಮ ಮಾತಲ್ಲಿ ಹೇಳಬೇಕೆಂದರೆ ಗೋತ್ರ ಅಪ್ಪನದ್ದಾಯಿತು, ಮನೆಹೆಸರು ಅಮ್ಮನದ್ದೇ ಉಳಿಯಿತು.

## ಊರು ಸುತ್ತುವಾಗ

ಒಂದೇ ದಿನ ಇದೆ. ಹಾಫ್‌ಬುರ್ಗ್ ನೋಡ್ಲಾ, ಶೋನ್‌ಬ್ರುನ್ ನೋಡ್ಲಾ?

ಮಕ್ಕಳಿದ್ದರೆ ಶೋನ್‌ಬ್ರುನ್. ಮೆಟ್ರೋದಲ್ಲಿ ನೇರ ಹೋಗಬಹುದು, ತೋಟಕ್ಕೆ ದುಡ್ಡಿಲ್ಲ, 1752ರಲ್ಲಿ ಶುರುವಾದ ಪ್ರಾಣಿಸಂಗ್ರಹಾಲಯ ಅಲ್ಲೇ ಇದೆ. ಇವತ್ತಿಗೂ ನಡೆಯುತ್ತಿರುವ ಮೃಗಾಲಯಗಳಲ್ಲಿ ಲೋಕದಲ್ಲೇ ಹಳೆಯದು. ಆರು ವರ್ಷದ ಮೊಜಾರ್ಟ್ ಮರಿಯಾ ತೆರೇಸಾಳ ಮುಂದೆ ನುಡಿಸಿದ್ದು ಈ ಅರಮನೆಯಲ್ಲೇ, 1762ರಲ್ಲಿ.

ಇತಿಹಾಸದ ಹುಚ್ಚಿದ್ದರೆ ಹಾಫ್‌ಬುರ್ಗ್. ಅದು ಒಂದು ಅರಮನೆಯಲ್ಲ, ಹದಿಮೂರನೇ ಶತಮಾನದಿಂದ ಒಬ್ಬೊಬ್ಬರು ಒಂದೊಂದು ಭಾಗ ಸೇರಿಸುತ್ತಾ ಹೋದ ವಠಾರ. 2,600 ಕೋಣೆಗಳು. ಫ್ರಾಂಜ್ ಜೋಸೆಫ್‌ನ ಮಲಗುವ ಕೋಣೆಯನ್ನು ಮಾತ್ರ ತಪ್ಪಿಸಬೇಡಿ. ಸುತ್ತ ಕೆಂಪು ರೇಷ್ಮೆ, ಚಿನ್ನದ ಅಂಚು. ನಡುವೆ ಸೈನಿಕರ ಬ್ಯಾರಕ್ಕಿನಲ್ಲಿರುವಂಥ ಒಂದು ಕಬ್ಬಿಣದ ಮಂಚ. ಬೆಳಗಿನ ನಾಲ್ಕಕ್ಕೆ ಮುಂಚೆ ಎದ್ದು ಫೈಲ್ ನೋಡುತ್ತಿದ್ದ. 68 ವರ್ಷ ಆಳಿದ ಮನುಷ್ಯ ದೊಡ್ಡ ಗುಮಾಸ್ತನ ಹಾಗೆ ಬದುಕಿದ.

ಕಿರೀಟ, ಒಡವೆ ಎಲ್ಲ ಎಲ್ಲಿವೆ?

ಹಾಫ್‌ಬುರ್ಗ್‌ನ ಖಜಾನೆಯಲ್ಲಿ. ಎಂಟು ಮೂಲೆಯ ಹಳೆಯ ಕಿರೀಟ ಪವಿತ್ರ ರೋಮನ್ ಸಾಮ್ರಾಜ್ಯದ್ದು, ಹತ್ತನೇ ಶತಮಾನದ ಕೊನೆಯದು. ಪಕ್ಕದ ಮನೆಯ ಅಕ್ಕಸಾಲಿ ಬಡಿದು ಜೋಡಿಸಿದ ಹಾಗೆ ಒರಟಾಗಿದೆ. ಅದೇ ಅದರ ಚೆಂದ. ಇನ್ನೊಂದು 1602ರಲ್ಲಿ ಎರಡನೇ ರುಡಾಲ್ಫ್ ಪ್ರಾಗ್‌ನಲ್ಲಿ ಮಾಡಿಸಿಕೊಂಡದ್ದು. 1804ರಿಂದ ಅದೇ ಆಸ್ಟ್ರಿಯಾದ ಕಿರೀಟ. ಆದರೆ ಆ ನಾಲ್ವರಲ್ಲಿ ಒಬ್ಬರಿಗೂ ಆಸ್ಟ್ರಿಯಾದ ಚಕ್ರವರ್ತಿ ಅಂತ ಪಟ್ಟಾಭಿಷೇಕ ಆಗಲೇ ಇಲ್ಲ. ಕಿರೀಟ ಇತ್ತು, ಶಾಸ್ತ್ರ ಇರಲಿಲ್ಲ.

ಅಲ್ಲಿ ನನಗೆ ಇಷ್ಟವಾದ ವಸ್ತು ಬೇರೆ. ಗೋಡೆಗೆ ಆನಿಸಿದ, ಆಳೆತ್ತರಕ್ಕಿಂತ ಉದ್ದದ ಒಂದು ಕೊಂಬು. ಒಂಟಿಕೊಂಬಿನ ಕುದುರೆಯದ್ದು ಎಂದು ನಂಬಿ, ಇದನ್ನು ಯಾರೂ ಮಾರಬಾರದು, ಹಂಚಿಕೊಳ್ಳಬಾರದು ಅಂತ 1564ರಲ್ಲಿ ಅಣ್ಣತಮ್ಮಂದಿರು ಕರಾರು ಮಾಡಿಕೊಂಡಿದ್ದರು. ಅದು ನಿಜವಾಗಿ ಉತ್ತರದ ಕಡಲಿನ ನಾರ್ವಾಲ್ ತಿಮಿಂಗಿಲದ ಹಲ್ಲು.

ಚಾಕೊಲೇಟ್ ಡಬ್ಬಿ ಮೇಲೆಲ್ಲ ಇರೋ ಆ ಉದ್ದ ಕೂದಲಿನ ರಾಣಿ ಯಾರು?

ಸಿಸಿ. ನಿಜವಾದ ಹೆಸರು ಎಲಿಸಬೆತ್, ಬವೇರಿಯಾದವಳು. ಫ್ರಾಂಜ್ ಜೋಸೆಫ್ ನೋಡಲು ಹೋದದ್ದು ಅವಳ ಅಕ್ಕನನ್ನು, ಒಪ್ಪಿದ್ದು ತಂಗಿಯನ್ನು. 1854ರಲ್ಲಿ ಮದುವೆಯಾದಾಗ ಅವಳಿಗೆ 16. ಆಸ್ಥಾನದ ಕಟ್ಟುಪಾಡು ಉಸಿರುಗಟ್ಟಿಸಿತು. ಅವಳ ಕೋಣೆಯ ಬಾಗಿಲ ಚೌಕಟ್ಟಿಗೆ ನೇತುಹಾಕಿದ ವ್ಯಾಯಾಮದ ರಿಂಗುಗಳು ಇನ್ನೂ ಇವೆ. ಹಿಮ್ಮಡಿ ಮುಟ್ಟುವ ಕೂದಲಿಗೆ ಮೊಟ್ಟೆ, ಕೊನ್ಯಾಕ್ ಹಚ್ಚಿ ತೊಳೆಯಲು ಇಡೀ ದಿನ ಬೇಕಾಗುತ್ತಿತ್ತು.

ಅಂಗಡಿಯವರು ಮಾರುವ ಸಿಸಿ ನಗುತ್ತಾಳೆ. ನಿಜವಾದವಳ ಕಥೆ ಅಷ್ಟು ಸಿಹಿಯಲ್ಲ. ಒಬ್ಬನೇ ಮಗ ರುಡಾಲ್ಫ್ 1889ರಲ್ಲಿ ಮಾಯರ್ಲಿಂಗ್‌ನ ಬೇಟೆಮನೆಯಲ್ಲಿ ಗೆಳತಿಯೊಡನೆ ಸತ್ತ ಮೇಲೆ ಅವಳು ಕಪ್ಪು ಬಿಟ್ಟು ಬೇರೆ ತೊಡಲಿಲ್ಲ. 1898ರ ಸೆಪ್ಟೆಂಬರ್ 10ರಂದು ಜಿನೀವಾದಲ್ಲಿ ಒಬ್ಬ ಅರಾಜಕತಾವಾದಿ ಚೂಪು ಮಾಡಿದ ಅರದಿಂದ ಎದೆಗೆ ಇರಿದ. ಏನೋ ತಾಗಿತು ಅಂದುಕೊಂಡು ಎದ್ದು ದೋಣಿ ಹತ್ತಿದಳು, ಆಮೇಲೆ ಕುಸಿದಳು.

ಆ ಅಗಲವಾದ ರಸ್ತೇಲಿ ಒಂದು ಗ್ರೀಕ್ ಗುಡಿ, ಒಂದು ಚರ್ಚ್ ತರಹ ಕಟ್ಟಡ. ಯಾಕೆ ಹೀಗೆ ಕಲಸುಮೇಲೋಗರ?

ಅದು ರಿಂಗ್ ರಸ್ತೆ. ಅಲ್ಲಿ ಮೊದಲು ಕೋಟೆಗೋಡೆ, ಅದರಾಚೆ ಬಯಲು ಇತ್ತು. 1529 ಮತ್ತು 1683ರಲ್ಲಿ ತುರ್ಕರು ಮುತ್ತಿಗೆ ಹಾಕಿದಾಗ ಊರನ್ನು ಕಾಯ್ದದ್ದು ಕೋಟೆಗೋಡೆಯೇ. 1857ರ ಡಿಸೆಂಬರ್‌ನಲ್ಲಿ ಫ್ರಾಂಜ್ ಜೋಸೆಫ್ ಅದನ್ನು ಕೆಡವಲು ಹೇಳಿದ. ಬಯಲನ್ನು ಸೈಟು ಮಾಡಿ ಶ್ರೀಮಂತರಿಗೆ ಮಾರಿ, ಆ ದುಡ್ಡಿನಲ್ಲಿ ಸರ್ಕಾರಿ ಕಟ್ಟಡ ಕಟ್ಟಿದರು. 1865ರ ಮೇ 1ರಂದು ರಸ್ತೆ ತೆರೆಯಿತು. ಪಾರ್ಲಿಮೆಂಟ್ ಗ್ರೀಕ್ ಶೈಲಿಯಲ್ಲಿ, ಪುರಭವನ ಗೋಥಿಕ್‌ನಲ್ಲಿ, ವಿಶ್ವವಿದ್ಯಾಲಯ ರಿನೈಸಾನ್ಸ್‌ನಲ್ಲಿ. ಪ್ರಜಾಪ್ರಭುತ್ವ ಅಂದರೆ ಗ್ರೀಸ್, ವಿದ್ಯೆ ಅಂದರೆ ಇಟಲಿ ಎಂಬ ಲೆಕ್ಕ. ಕಲಸುಮೇಲೋಗರವೇ, ಬೇಕೆಂದೇ ಮಾಡಿದ್ದು.

ಬಿಳಿ ಕುದುರೆ ಶೋಗೆ ಟಿಕೆಟ್ ತಗೊಂಡ್ವಿ. ವಿಯೆನ್ನಾದಲ್ಲಿ 'ಸ್ಪ್ಯಾನಿಷ್' ಸವಾರಿ ಶಾಲೆ ಯಾಕೆ?

ತಳಿ ಸ್ಪೇನಿನಿಂದ ಬಂದದ್ದಕ್ಕೆ. 1580ರಲ್ಲಿ ಇಂದಿನ ಸ್ಲೊವೇನಿಯಾದ ಲಿಪಿಕಾದಲ್ಲಿ ಸಾಕಣೆ ಶುರುವಾಯಿತು, ಹಾಗಾಗಿ ಲಿಪಿಜಾನರ್ ಎಂಬ ಹೆಸರು. ಮರಿ ಹುಟ್ಟುವಾಗ ಕಪ್ಪು ಅಥವಾ ಕಂದು, ವರ್ಷ ಕಳೆದಂತೆ ಬೆಳ್ಳಗಾಗುತ್ತವೆ. ಬಣ್ಣ ಬದಲಾಗದ ಒಂದು ಕಂದು ಕುದುರೆಯನ್ನು ಅದೃಷ್ಟಕ್ಕೆಂದು ಲಾಯದಲ್ಲಿ ಇಟ್ಟುಕೊಳ್ಳುತ್ತಾರೆ. ಕುದುರೆ ಕುಣಿಯುವುದನ್ನು ಎಲ್ಲರೂ ನೋಡುತ್ತಾರೆ, ನೀವು ಸವಾರರು ಒಳಬರುವ ಕ್ಷಣ ನೋಡಿ. ಎದುರಿನ ಗೋಡೆಯಲ್ಲಿರುವ ಆರನೇ ಚಾರ್ಲ್ಸ್‌ನ ಚಿತ್ರಕ್ಕೆ ಟೋಪಿ ತೆಗೆದು ವಂದಿಸುತ್ತಾರೆ. ಅವನು ಈ ಸಭಾಂಗಣ ಕಟ್ಟಿಸಿದವನು, 1735ರಲ್ಲಿ ಮುಗಿದದ್ದು. ಗಣರಾಜ್ಯ ಬಂದು ನೂರು ವರ್ಷ ದಾಟಿದರೂ ಆ ನಮಸ್ಕಾರ ನಿಂತಿಲ್ಲ.

ತಿಂಡಿಗೂ 'ಕೈಸರ್' ಅಂತ ಹೆಸರಿಟ್ಟಿದ್ದಾರಲ್ಲ?

ಕೈಸರ್ ಅಂದರೆ ಚಕ್ರವರ್ತಿ. ಕೈಸರ್‌ಶ್ಮಾರ್ನ್ ಅಂದರೆ ದಪ್ಪ ದೋಸೆಯನ್ನು ಹರಿದು, ಸಕ್ಕರೆ ಪುಡಿ ಉದುರಿಸಿ, ಪ್ಲಮ್ ಹಣ್ಣಿನ ಗೊಜ್ಜಿನ ಜೊತೆ ಕೊಡುವ ಸಿಹಿ. ಮೊಟ್ಟೆ ಇರುತ್ತದೆ, ತಿನ್ನದವರು ಎಚ್ಚರ. ಕೆಲವು ಹಳೆ ಅಂಗಡಿಗಳ ಬೋರ್ಡಿನಲ್ಲಿ 'ಕಾ ಉಂಟ್ ಕಾ' ಎಂಬ ಅಕ್ಷರಗಳು ಕಾಣುತ್ತವೆ. ಚಕ್ರವರ್ತಿಯದೂ ರಾಜನದೂ ಎಂದು ಅರ್ಥ. 1867ರ ಒಪ್ಪಂದದ ಮೇಲೆ ಒಬ್ಬನೇ ಮನುಷ್ಯ ಆಸ್ಟ್ರಿಯಾಕ್ಕೆ ಚಕ್ರವರ್ತಿ, ಹಂಗೇರಿಗೆ ರಾಜ. ಅರಮನೆಗೆ ಕೇಕು ಕೊಡುತ್ತಿದ್ದ ಅಂಗಡಿಗೂ ಆ ಜೋಡಿ ಹೆಮ್ಮೆ.

## ಇನ್ನೂ ಸ್ವಲ್ಪ ಆಳಕ್ಕೆ

ದೇಹ ಒಂದು ಕಡೆ, ಹೃದಯ ಇನ್ನೊಂದು ಕಡೆ ಹೂಳ್ತಿದ್ರಂತೆ. ನಿಜಾನಾ?

ನಿಜ. ದೇಹ ಕಪುಚಿನ್ ಸನ್ಯಾಸಿಗಳ ಚರ್ಚಿನ ನೆಲಮಾಳಿಗೆಯಲ್ಲಿ. ಹೃದಯ ಬೆಳ್ಳಿ ಡಬ್ಬಿಯಲ್ಲಿ ಅಗಸ್ಟಿನ್ ಚರ್ಚಿನಲ್ಲಿ, ಅಲ್ಲಿ 54 ಇವೆ. ಕರುಳು ಸೇಂಟ್ ಸ್ಟೀಫನ್ ಚರ್ಚಿನ ಕೆಳಗೆ. ಮೂರೂ ಕಡೆ ನಡೆದುಕೊಂಡೇ ಹೋಗಿಬರಬಹುದು. 1878ರ ನಂತರ ಅಗಸ್ಟಿನ್ ಚರ್ಚಿಗೆ ಹೃದಯ ಬಂದಿಲ್ಲ.

ನೆಲಮಾಳಿಗೆಯಲ್ಲಿ 12 ಚಕ್ರವರ್ತಿಗಳು, 18 ಚಕ್ರವರ್ತಿನಿಯರು ಮತ್ತು ರಾಣಿಯರು ಇದ್ದಾರೆ. ಮರಿಯಾ ತೆರೇಸಾ ಮತ್ತು ಗಂಡನ ಜೋಡಿ ಪೆಟ್ಟಿಗೆ ಒಂದು ಕೋಣೆಯಷ್ಟಿದೆ. ಮೇಲೆ ಇಬ್ಬರೂ ನಿದ್ದೆಯಿಂದ ಎದ್ದು ಕೂತು ಮುಖ ನೋಡಿಕೊಳ್ಳುವಂಥ ಶಿಲ್ಪ. ಅದರ ಕಾಲ ಬಳಿಯೇ ಮಗ ಎರಡನೇ ಜೋಸೆಫ್‌ನ ಪೆಟ್ಟಿಗೆ, ಬರೀ ತಾಮ್ರ, ಒಂದು ಹೂವಿನ ಕೆತ್ತನೆಯೂ ಇಲ್ಲ. ಅವನ ಸ್ವಭಾವವೇ ಹಾಗೆ. ಜನ ಶವಸಂಸ್ಕಾರಕ್ಕೆ ದುಂದು ಮಾಡುತ್ತಾರೆಂದು 1784ರಲ್ಲಿ ತಳ ತೆರೆದುಕೊಳ್ಳುವ, ಮತ್ತೆ ಮತ್ತೆ ಬಳಸುವ ಶವಪೆಟ್ಟಿಗೆಯನ್ನು ಕಾನೂನು ಮಾಡಿದ್ದ. ವಿಯೆನ್ನಾದವರು ತಿರುಗಿಬಿದ್ದರು. ಕೆಲವೇ ತಿಂಗಳಲ್ಲಿ ಆದೇಶ ವಾಪಸ್ ತೆಗೆದುಕೊಂಡ.

ಮನೆತನದವರಲ್ಲದ ಒಬ್ಬಳೇ ಒಬ್ಬಳ ಪೆಟ್ಟಿಗೆ ಅಲ್ಲಿದೆ. ಮರಿಯಾ ತೆರೇಸಾಳನ್ನು ಸಾಕಿದ ಕೌಂಟೆಸ್ ಫುಕ್ಸ್. ಬದುಕಿದ್ದಾಗ ನಮ್ಮ ಜೊತೆಗಿದ್ದಳು, ಇಲ್ಲೂ ಇರಲಿ ಅಂತ ರಾಣಿಯೇ ಇರಿಸಿದ್ದು.

1918ರಲ್ಲಿ ರಾಜೀನಾಮೆ ಕೊಟ್ರಾ, ಓಡಿಸಿದ್ರಾ?

ಎರಡೂ ಪೂರ್ತಿ ಅಲ್ಲ. ನವೆಂಬರ್ 11ರಂದು ಶೋನ್‌ಬ್ರುನ್‌ನ ನೀಲಿ ಚೀನೀ ಕೋಣೆಯಲ್ಲಿ ಕೊನೆಯ ಚಕ್ರವರ್ತಿ ಕಾರ್ಲ್ ಒಂದು ಕಾಗದಕ್ಕೆ ಸಹಿ ಮಾಡಿದ. ಆಡಳಿತದಲ್ಲಿ ಇನ್ನು ಭಾಗವಹಿಸುವುದಿಲ್ಲ ಅಂತ ಅದರಲ್ಲಿತ್ತು. ಪಟ್ಟ ಬಿಟ್ಟೆ ಅಂತ ಇರಲಿಲ್ಲ. ಅಂದು ಸಂಜೆಯೇ ಅರಮನೆ ಬಿಟ್ಟ. 1919ರ ಏಪ್ರಿಲ್ 3ರ ಕಾನೂನು ಗಾದಿಯ ಹಕ್ಕು ಬಿಡದವರಿಗೆ ದೇಶದ ಬಾಗಿಲು ಮುಚ್ಚಿತು, ಮನೆತನದ ಆಸ್ತಿ ಸರ್ಕಾರಕ್ಕೆ ಸೇರಿತು. ಅದೇ ದಿನದ ಇನ್ನೊಂದು ಕಾನೂನು ಎಲ್ಲ ಬಿರುದುಗಳನ್ನೂ, ಹೆಸರಿನ ನಡುವೆ ಕುಲೀನರ ಗುರುತಾಗಿದ್ದ 'ಫಾನ್' ಎಂಬುದನ್ನೂ ಅಳಿಸಿತು. ಆಸ್ಟ್ರಿಯಾದ ಪಾಸ್‌ಪೋರ್ಟಿನಲ್ಲಿ ಅವರು ಬರೀ ಹ್ಯಾಬ್ಸ್‌ಬರ್ಗ್-ಲೊರೇನ್.

ಕಾರ್ಲ್ 1921ರಲ್ಲಿ ಎರಡು ಸಲ ಹಂಗೇರಿಯ ಗಾದಿಗೆ ಯತ್ನಿಸಿ ಸೋತ. ಅವನನ್ನು ಮದೈರಾ ದ್ವೀಪಕ್ಕೆ ಕಳಿಸಿದರು. 1922ರಲ್ಲಿ 34ನೇ ವಯಸ್ಸಿಗೆ ಅಲ್ಲೇ ತೀರಿಕೊಂಡ. ದೇಹ ಅಲ್ಲೇ ಇದೆ. ಹೃದಯ ಇರುವುದು ಸ್ವಿಟ್ಜರ್‌ಲೆಂಡಿನ ಮುರಿ ಮಠದಲ್ಲಿ, ಮೊದಲ ಹ್ಯಾಬ್ಸ್‌ಬರ್ಗರು 1027ರಲ್ಲಿ ಕಟ್ಟಿಸಿದ ಮಠ. ಗಿಡುಗನ ಕೋಟೆಯಿರುವ ಅದೇ ಆರ್ಗೌ.

ಬಾಗಿಲು ತಟ್ಟಿ 'ಯಾರು?' ಅಂತ ಕೇಳೋ ವಿಡಿಯೋ ನೋಡಿದೆ. ಅದೇನದು?

2011ರ ಜುಲೈ 16, ಕಾರ್ಲ್‌ನ ಮಗ ಒಟ್ಟೊ ಅವರ ಅಂತ್ಯಸಂಸ್ಕಾರ. ಅವರು 1961ರಲ್ಲಿ ಗಾದಿಯ ಹಕ್ಕು ಬಿಟ್ಟುಕೊಟ್ಟು, 1966ರಲ್ಲಿ ಆಸ್ಟ್ರಿಯಾಕ್ಕೆ ಕಾಲಿಟ್ಟವರು. ಆಮೇಲೆ 20 ವರ್ಷ ಯುರೋಪಿಯನ್ ಪಾರ್ಲಿಮೆಂಟಿನ ಸದಸ್ಯ. ಪೆಟ್ಟಿಗೆ ಕಪುಚಿನ್ ಚರ್ಚಿನ ಮುಚ್ಚಿದ ಬಾಗಿಲಿಗೆ ಬಂತು. ಕೋಲಿನಿಂದ ತಟ್ಟಿದರು. ಒಳಗಿನಿಂದ ಸನ್ಯಾಸಿ, ಯಾರು ಬಂದಿರುವುದು ಎಂದರು. ಹೊರಗಿನವರು ಆಸ್ಟ್ರಿಯಾ, ಹಂಗೇರಿ, ಬೊಹೀಮಿಯಾ ಎಂದು ಬಿರುದುಗಳ ಸರಮಾಲೆ ಓದಿದರು. ಒಳಗಿನಿಂದ, ಅವರು ನಮಗೆ ಗೊತ್ತಿಲ್ಲ. ಮತ್ತೆ ತಟ್ಟಿದರು. ಈ ಸಲ ಡಾಕ್ಟರೇಟ್, ಪಾರ್ಲಿಮೆಂಟು, ಸಂಘಸಂಸ್ಥೆಗಳ ಪಟ್ಟಿ. ಅವರೂ ಗೊತ್ತಿಲ್ಲ. ಮೂರನೇ ಸಲ ಒಂದೇ ಮಾತು: ಒಟ್ಟೊ, ಸಾವುಳ್ಳ, ಪಾಪಿಯಾದ ಮನುಷ್ಯ. ಬಾಗಿಲು ತೆರೆಯಿತು.

ನಮ್ಮ ಚಿಕ್ಕಮ್ಮ ಆ ಬಾಗಿಲ ಮುಂದೆ ನಿಂತು ಈ ಕಥೆ ಕೇಳಿದವರು, ಒಳಗೆ ಹೋಗುವ ಮೊದಲು ತಾವೂ ಮೆಲ್ಲಗೆ ತಟ್ಟಿದರು.

ಇವರಿಗೂ ನಮ್ಮ ಕಡೆಗೂ ಏನಾದ್ರೂ ನಂಟು ಇದ್ಯಾ?

ಇದೆ, ಬಹಳ ಜನಕ್ಕೆ ಗೊತ್ತಿಲ್ಲದ್ದು. ಇಂಗ್ಲಿಷ್ ಈಸ್ಟ್ ಇಂಡಿಯಾ ಕಂಪನಿಯಲ್ಲಿ ಜಗಳವಾಡಿ ಹೊರಬಿದ್ದ ವಿಲಿಯಂ ಬೋಲ್ಟ್ಸ್ ಎಂಬ ವ್ಯಾಪಾರಿ, 1775ರಲ್ಲಿ ಮರಿಯಾ ತೆರೇಸಾಳಿಂದ ಪೂರ್ವದೇಶಗಳ ವ್ಯಾಪಾರಕ್ಕೆ ಪರವಾನಗಿ ಪಡೆದ. ಮರುವರ್ಷ ಹಡಗು ಹೊರಟಿತು. ಹಡಗಿನ ಹೆಸರೂ ಅಮ್ಮ ಮಗನದ್ದೇ, ಜೋಸೆಫ್ ಮತ್ತು ತೆರೇಸಾ. ಪಶ್ಚಿಮ ಕರಾವಳಿಗೆ ಬಂದ ಬೋಲ್ಟ್ಸ್ ಹೈದರಾಲಿಯ ಅನುಮತಿ ಪಡೆದು ಮಂಗಳೂರು, ಕಾರವಾರ ಮತ್ತು ಮಲಬಾರಿನ ಬಲಿಯಪಟ್ಟಣಂನಲ್ಲಿ ವ್ಯಾಪಾರದ ಕೋಠಿ ತೆರೆದ. ಬ್ರಿಟಿಷರ ಜೊತೆ ಸೆಣಸುತ್ತಿದ್ದ ಹೈದರಾಲಿಗೆ ಬ್ರಿಟಿಷರಲ್ಲದ ಯುರೋಪಿಯನ್ ವ್ಯಾಪಾರಿ ಬೇಕಾಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಈ ವ್ಯವಹಾರ ಬಾಳಲಿಲ್ಲ. ಕಂಪನಿ 1785ರಲ್ಲಿ ದಿವಾಳಿಯಾಯಿತು. ಮಂಗಳೂರಿನ ನೆಂಟರೊಬ್ಬರಿಗೆ ಇದನ್ನು ಹೇಳಿದಾಗ ಅವರು, ಹಾಗಾದರೆ ನಮ್ಮೂರಿನ ಮೆಣಸು ಈ ಅರಮನೆ ಅಡುಗೆಮನೆಗೂ ಬಂದಿರಬಹುದಲ್ಲ ಅಂದರು. ಬಂದಿರಬಹುದು.

ಊರಿಗೆ ಏನು ತಗೊಂಡು ಹೋಗ್ಲಿ? ಮೊಜಾರ್ಟ್ ಚಾಕೊಲೇಟ್ ಬೇಡ.

ಮರಿಯಾ ತೆರೇಸಾ ಥಾಲರ್ ತೆಗೆದುಕೊಳ್ಳಿ. ವಿಯೆನ್ನಾದ ಟಂಕಸಾಲೆ ಇವತ್ತಿಗೂ ಅಚ್ಚು ಹಾಕುವ ಬೆಳ್ಳಿ ನಾಣ್ಯ, ತೂಕ 28 ಗ್ರಾಂ. ಯಾವ ವರ್ಷ ಕೊಂಡರೂ ಮೇಲಿರುವುದು 1780, ಅವಳು ಸತ್ತ ವರ್ಷ. ಕೆಂಪು ಸಮುದ್ರದ ಕಾಫಿ ವ್ಯಾಪಾರಿಗಳಿಗೆ ಈ ನಾಣ್ಯದ ಮೇಲೆ ಎಷ್ಟು ನಂಬಿಕೆಯೆಂದರೆ, ಮುಖವಾಗಲಿ ಇಸವಿಯಾಗಲಿ ಬದಲಾದರೆ ಮುಟ್ಟುತ್ತಿರಲಿಲ್ಲ. ಹಾಗಾಗಿ ಅದನ್ನೇ ಅಚ್ಚು ಹಾಕುತ್ತಾ ಬಂದರು. 1940ರ ಸುಮಾರಿಗೆ ಮುಂಬೈ ಟಂಕಸಾಲೆಯಲ್ಲೂ ಹಾಕಿದ್ದರು. ಕೊಂಡ ಮೇಲೆ ಅವಳ ಭುಜದ ಹತ್ತಿರವಿರುವ ಬ್ರೋಚಿನ ಮುತ್ತು ಎಣಿಸಿ. ಅರಬ್ ವ್ಯಾಪಾರಿಗಳೂ ಹಾಗೇ ಎಣಿಸಿ ತೆಗೆದುಕೊಳ್ಳುತ್ತಿದ್ದರು. ಒಂಬತ್ತು ಇರಬೇಕು.